ಮತ್ಸ್ಯನ್ಯಾಯವೂ ತೊಟ್ಟಿಯ ಒಡೆಯನೂ

ಹಳಬನು ನೆಲೆಸಿರುವ ಎಡೆಗೆ ಹೊಸಬನನ್ನು ತಂದು ಸೇರಿಸಿದಾಗ ಅವರಿಬ್ಬರೊಳಗೆ ಕಲಹವುಂಟಾದರೆ ದೋಷವು ಯಾರದು? ಈ ಪ್ರಶ್ನೆಯು ನೋಡುವುದಕ್ಕೆ ಸಣ್ಣದು. ಆದರೆ ಮನೆ, ಶಾಲೆ, ಊರು, ರಾಜ್ಯ ಇವುಗಳಲ್ಲೆಲ್ಲ ದಿನವೂ ಎದುರಾಗತಕ್ಕದ್ದು. ನನ್ನನ್ನು ಈ ವಿಚಾರಕ್ಕೆ ಎಳೆದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಎರಡು ಅಂಗುಲದ ಒಂದು ಮೀನು.

ಮಾಲೂರಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಮೊಮ್ಮಗನು ಗಾಜಿನ ತೊಟ್ಟಿಯೊಂದರಲ್ಲಿ ಕಡಲ ಮೀನನ್ನು ಸಾಕಿದ್ದಾನೆ. ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆದು ನೀರಿಗಾಗಿ ಕಾಯುವ ಈ ಬಯಲುಸೀಮೆಗೆ ಕಡಲು ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಶುದ್ಧೀಕರಿಸಿದ ನೀರಿಗೆ, ಲೀಟರಿಗೆ ಸುಮಾರು 35 ಗ್ರಾಮಿನಂತೆ, ಅಂಗಡಿಯಲ್ಲಿ ಮಾರುವ ಸಮುದ್ರದ ಉಪ್ಪನ್ನು ಕರಗಿಸಿದರೆ ಅದೇ ಕಡಲು. ಎಂಬತ್ತು ಲೀಟರಿನ ಆ ಕಡಲಿನಲ್ಲಿ ಡ್ಯಾಮ್ಸೆಲ್ ಎಂಬ ಜಾತಿಯ ನೀಲಿ ಮೀನೊಂದು ಒಂದು ವರ್ಷದಿಂದ ಒಂಟಿಯಾಗಿತ್ತು. ಒಂಟಿತನವು ಅದಕ್ಕೆ ದುಃಖಕರವೆಂದು ನಾನೇ ತೀರ್ಮಾನಿಸಿ, ಬೆಂಗಳೂರಿನಿಂದ ಅದೇ ಜಾತಿಯ ಮತ್ತೊಂದನ್ನು ತರಿಸಿ ಬಿಡಿಸಿದೆನು. ಹಳೆಯದು ಕಲ್ಲಿನ ಸಂದಿನಿಂದ ಬಾಣದಂತೆ ಹೊರಟು ಬಂದು ಅತಿಥಿಯ ಮೇಲೆ ಬಿದ್ದಿತು. ಅತಿಥಿಯು ಮೂಲೆಯಿಂದ ಮೂಲೆಗೆ ಓಡಿತು; ಅದರ ಈಜುರೆಕ್ಕೆಗಳು ಹರಿದವು; ಮೂರನೆಯ ದಿನ ಬೆಳಗ್ಗೆ ಸತ್ತು ತೇಲುತ್ತಿದ್ದಿತು.

“ತಾತ, ಈ ನೀಲಿ ಕೆಟ್ಟದ್ದು. ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ” ಎಂದು ಹುಡುಗನು ಅತ್ತನು.

ಅದು ಕೆಟ್ಟುದೆ? ಈ ಜಾತಿಯ ಮೀನುಗಳು ಕಡಲಿನ ಹವಳದ ಬಂಡೆಗಳಲ್ಲಿ ತಮ್ಮ ತಮ್ಮ ಚಿಕ್ಕ ಎಲ್ಲೆಯನ್ನು ಹಿಡಿದು ಕಾಯತಕ್ಕವು. ಆಹಾರವೂ ಆಸರೆಯೂ ಅಲ್ಲಿಯೇ. ಮೊಟ್ಟೆಗಳಿಗೆ ಕಾವಲಿರುವುದೂ ಅಲ್ಲಿಯೇ. ಕಡಲಿನಲ್ಲಿ ಓಡಿಸಲ್ಪಟ್ಟದ್ದು ನಾಲ್ಕು ಮಾರು ಆಚೆಗೆ ಹೋದರೆ ಜಗಳವು ಮುಗಿಯಿತು. ನಮ್ಮ ತೊಟ್ಟಿಯಲ್ಲಿ ಆ ನಾಲ್ಕು ಮಾರಿಲ್ಲ. ಓಡಿಸುವ ಸ್ವಭಾವವನ್ನು ಕೊಟ್ಟುದು ಕಡಲು. ಓಡುವ ದಾರಿಯನ್ನು ಕಿತ್ತುಕೊಂಡವನು ನಾನು.

ಇಲ್ಲಿ ಪೂರ್ವಪಕ್ಷವೊಂದುಂಟು. ದೊಡ್ಡ ಮೀನು ಸಣ್ಣದನ್ನು ಹಿಂಸಿಸುವುದು ಲೋಕಸಿದ್ಧವಾದ ಮತ್ಸ್ಯನ್ಯಾಯ. ಇದರಲ್ಲಿ ಯಾರಿಗೂ ದೋಷವಿಲ್ಲವೆಂದು. ಆದರೆ ಮತ್ಸ್ಯನ್ಯಾಯವೆಂಬ ಮಾತನ್ನು ಕೌಟಿಲ್ಯನು ಬಳಸಿರುವುದು ದಂಡವನ್ನು ಧರಿಸತಕ್ಕವನು ಇಲ್ಲದಾಗಿನ ಸ್ಥಿತಿಯನ್ನು ಹೇಳುವುದಕ್ಕೆ. ಗಾಜಿನ ತೊಟ್ಟಿಗೆ ಒಡೆಯನುಂಟು. ನೀರು, ಅನ್ನ, ಬೆಳಕು, ಕಲ್ಲು ಎಲ್ಲವೂ ಅವನ ಕೈಯಲ್ಲಿವೆ. ಒಡೆಯನಿರುವಲ್ಲಿ ಮತ್ಸ್ಯನ್ಯಾಯವೆಂದು ಕೈತೊಳೆದುಕೊಳ್ಳುವುದು ನುಣುಚಿಕೊಳ್ಳುವ ಮಾತೇ ಹೊರತು ಸಮಾಧಾನವಲ್ಲ.

ಹಾಗಾದರೆ ಹೊಸಬನು ಸದಾ ನಿರಪರಾಧಿ, ಹಳಬನೇ ಕ್ರೂರನೆಂದು ಎಣಿಸಬಹುದೆ? ಅದೂ ಕೂಡದು. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯವನ್ನು, ಎಂದರೆ ಜನರು ಜಿಲೇಬಿ ಮೀನೆನ್ನುವುದನ್ನು, ನೋಡಿರಿ. ಇದರ ಗಂಡು ತಳದ ಮಣ್ಣಿನಲ್ಲಿ ಗುಳಿ ತೋಡಿ ಕಾಯುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಕಾಪಾಡುತ್ತದೆ. ಬಹು ಬೇಗ ಬೆಳೆದು ಹಬ್ಬುವ ಇದು ಎಷ್ಟೋ ಕೆರೆಕುಂಟೆಗಳಲ್ಲಿ ಹಳೆಯ ಮೀನುಗಳಿಗೆ ಎಡೆಯಿಲ್ಲದಂತೆ ಮಾಡಿತು. ಅಲ್ಲಿ ಸೋತವನು ಹಳಬ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿದು, ಒಣಗಿದ್ದ ಅಂಗಳಗಳಲ್ಲಿ ಮತ್ತೆ ಮೀನಾಡುತ್ತಿರುವ ಈ ಕಾಲದಲ್ಲಿ, ಯಾವ ಮರಿಯನ್ನು ಎಲ್ಲಿ ಬಿಡಬೇಕೆಂಬುದು ಬರಿಯ ಲಾಭದ ಪ್ರಶ್ನೆಯಲ್ಲ. ಹಳಬನೆಂಬುದರಿಂದಾಗಲಿ ಹೊಸಬನೆಂಬುದರಿಂದಾಗಲಿ ನ್ಯಾಯವು ನಿಶ್ಚಯವಾಗದು. ಮೊದಲ ಹೊಣೆಯು ಬಿಟ್ಟವನದು.

ಇದನ್ನು ಬರೆಯುವಾಗ ಹಳೆಯ ಪಾಪವೊಂದು ನನ್ನನ್ನು ಚುಚ್ಚುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ಗಡಿಯ ಹಳ್ಳಿಯಿಂದ ತೆಲುಗು ಮಾತ್ರ ಬಲ್ಲ ಹುಡುಗನೊಬ್ಬನು ನಡುವರ್ಷದಲ್ಲಿ ಬಂದು ಸೇರಿದನು. ನಾಲ್ಕು ವರ್ಷದಿಂದ ಒಂದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದವನನ್ನು ಸರಿಯೆಂದು ಗದರಿಸಿ ಇವನನ್ನು ಅಲ್ಲಿ ಕೂರಿಸಿದೆನು. ಚಿವುಟುವುದು, ಪುಸ್ತಕ ಹರಿಯುವುದು ಆರಂಭವಾಯಿತು. ನಾನು ಹಳಬನಿಗೆ ಬೆತ್ತದ ರುಚಿ ತೋರಿಸಿದೆನು; ಅವನ ದ್ವೇಷವು ಇಮ್ಮಡಿಯಾಯಿತು. ತಿಂಗಳು ತುಂಬುವುದರೊಳಗೆ ಹೊಸಬನು ಶಾಲೆಗೆ ಬರುವುದನ್ನೇ ಬಿಟ್ಟನು. ಬೆಂಚನ್ನು ಹಂಚಿದವನು ನಾನು, ಪೆಟ್ಟು ತಿಂದವನು ಒಬ್ಬ, ವಿದ್ಯೆ ಕಳೆದುಕೊಂಡವನು ಮತ್ತೊಬ್ಬ.

ಮೀನು ಸಾಕುವುದರಲ್ಲಿ ಪಳಗಿದವರನ್ನು ಈಗ ವಿಚಾರಿಸಿದೆನು. ಹೊಸದನ್ನು ಒಮ್ಮೆಗೇ ಬಿಡಬಾರದು. ತೂತುಗಳುಳ್ಳ ಪಾರದರ್ಶಕವಾದ ಡಬ್ಬಿಯಲ್ಲಿಟ್ಟು, ಒಂದನ್ನೊಂದು ನೋಡುವಂತೆ, ಕಚ್ಚಲಾರದಂತೆ, ಕೆಲವು ದಿನ ತೊಟ್ಟಿಯೊಳಗೇ ಇರಿಸಬೇಕು. ಕಲ್ಲುಗಳನ್ನೆಲ್ಲ ತೆಗೆದು ಬೇರೆ ಬಗೆಯಾಗಿ ಜೋಡಿಸಬೇಕು. ಆಗ ಹಳೆಯ ಎಲ್ಲೆಗಳು ಅಳಿದು ಇಬ್ಬರೂ ಹೊಸಬರಾಗುವರು. ಬಿಡುವಾಗ ದೀಪವನ್ನು ಆರಿಸಬೇಕು. ಬಹಳ ಜಗಳಗಂಟಿಯಾದುದನ್ನು ಎಲ್ಲಕ್ಕೂ ಕಡೆಯಲ್ಲಿ ತರಬೇಕು. ಇಷ್ಟಾದರೂ ಹೊಂದದಿದ್ದರೆ ಬೇರ್ಪಡಿಸಲೇಬೇಕು. ತೊಟ್ಟಿ ತೀರ ಚಿಕ್ಕದಾದರೆ ತಾರದಿರುವುದೇ ಧರ್ಮ. ಇವೆಲ್ಲವೂ ಒಡೆಯನ ಕೆಲಸಗಳೆಂಬುದನ್ನೂ, ಹಳಬನನ್ನು ಶಿಕ್ಷಿಸುವುದು ಇವುಗಳಲ್ಲಿ ಒಂದೂ ಅಲ್ಲವೆಂಬುದನ್ನೂ ಗಮನಿಸಬೇಕು. ಆ ಬೆಂಚುಗಳನ್ನೆಲ್ಲ ಒಂದು ದಿನ ಅದಲುಬದಲು ಮಾಡಿ ಹಾಕುವ ಬುದ್ಧಿ ನನಗೇಕೆ ಬರಲಿಲ್ಲ?

ಶತಪಥಬ್ರಾಹ್ಮಣದ ಕಥೆಯನ್ನು ನಾನು ಪಾಠಶಾಲೆಯಲ್ಲಿ ಓದಿದ್ದೆನು. ಮನುವಿನ ಕೈಗೆ ಬಂದ ಮರಿಮೀನು, ಮೀನನ್ನು ಮೀನೇ ನುಂಗುವುದರಿಂದ ತನ್ನನ್ನು ಕಾಪಾಡೆಂದು ಬೇಡಿತು. ಮೊದಲು ಗಡಿಗೆಯಲ್ಲಿ, ಬೆಳೆದ ಮೇಲೆ ಹಳ್ಳದಲ್ಲಿ, ಕಡೆಗೆ ಕಡಲಿನಲ್ಲಿ ಬಿಡೆಂದಿತು. ಅದು ಬೇಡಿದ್ದು ಕೇವಲ ಕರುಣೆಯನ್ನಲ್ಲ. ಅಳತೆಗೆ ತಕ್ಕ ಎಡೆಯನ್ನು. ನಾನು ಆ ಕಥೆಯಿಂದ ಪ್ರಳಯವನ್ನೂ ದೋಣಿಯನ್ನೂ ನೆನಪಿಟ್ಟುಕೊಂಡು ಗಡಿಗೆಯನ್ನು ಮರೆತಿದ್ದೆನು.

ನೀಲಿ ಮೀನನ್ನು ಯಾರಿಗೂ ಕೊಡಲಿಲ್ಲ. ಅದು ಕೆಟ್ಟುದಲ್ಲ, ತಪ್ಪು ತಾತನದೆಂದು ಹುಡುಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅದಕ್ಕೆ ಆಹಾರ ಹಾಕಲು ಹೋದನು. ಆ ಮತ್ತೊಬ್ಬ ಹುಡುಗನಿಗೆ ಇದೇ ಮಾತನ್ನು ಹೇಳುವ ಅವಕಾಶವು ನನಗೆ ಇನ್ನಿಲ್ಲ.