ಹತ್ತು ಪುಟಕ್ಕೇ ತೀರ್ಪು

ಐತಿಹಾಸಿಕ ಕಾದಂಬರಿಯನ್ನು ಕೈಗೆತ್ತಿಕೊಂಡ ಓದುಗನಿಗೆ ಕಥೆಯ ಕೊನೆ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಮಾಸ್ತಿಯವರ 'ಚೆನ್ನಬಸವನಾಯಕ'ವನ್ನು ತೆರೆಯುವ ನಮ್ಮ ಮಲೆನಾಡಿನವರಿಗೆ 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತೆಂದು ಯಾರೂ ಹೇಳಿಕೊಡಬೇಕಿಲ್ಲ. ಆ ಅರಸರ ಕೆಳದಿ, ಇಕ್ಕೇರಿಗಳು ಸಾಗರದ ಪಕ್ಕದಲ್ಲಿವೆ. ಬಿದನೂರೆಂದರೆ ಹೊಸನಗರ ತಾಲ್ಲೂಕಿನ ನಗರ. ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನದು. ಹಾಗಾದರೆ ಓದುಗ ಮೊದಲ ಪುಟಗಳಲ್ಲಿ ಊಹಿಸುವುದು ಏನನ್ನು? ಲೇಖಕ ಯಾರ ಪಕ್ಷ ಎಂಬುದನ್ನು.

ಹೈದರನ ಹೆಸರು ಬಂದ ಕೂಡಲೇ ಮುಸ್ಲಿಂ ಓದುಗನಿಗೆ ಒಂದು ಅಳುಕು: ಇವನನ್ನು ಹೇಗೆ ಚಿತ್ರಿಸುತ್ತಾರೋ! ಇದು ಕಾರಣವಿಲ್ಲದ ಅಳುಕಲ್ಲ. ಗಡ್ಡ, ಖಡ್ಗ, ಕ್ರೌರ್ಯ ಇಷ್ಟರಲ್ಲೇ ಮುಗಿದುಹೋಗುವ ಸುಲ್ತಾನರನ್ನು ಕಥೆ, ನಾಟಕಗಳಲ್ಲಿ ಅವನು ಬೇಕಾದಷ್ಟು ಕಂಡಿದ್ದಾನೆ. ಉರ್ದುವಿನಲ್ಲಿ ಅಬ್ದುಲ್ ಹಲೀಮ್ ಶರರ್, ನಸೀಮ್ ಹಿಜಾಜಿಯವರನ್ನು ಓದಿ ಬೆಳೆದವರ ಊಹೆ ಇದಕ್ಕೆ ತಿರುಗುಮುರುಗು. ಅಲ್ಲಿ ನಾಯಕ ಶೂರನೂ ದೈವಭಕ್ತನೂ ಆಗಿರಲೇಬೇಕು; ಸೋತರೆ ಅದು ದ್ರೋಹಿಗಳಿಂದಲೇ. ಕನ್ನಡದಲ್ಲಿ ಗುಮಾನಿ ಎಂದರೆ ಸಂಶಯ ಮಾತ್ರ. ಉರ್ದುವಿನ ಗುಮಾನ್ ಎರಡೂ ಕಡೆ ಸಲ್ಲುತ್ತದೆ: ಬದ್‌ಗುಮಾನಿ, ಖುಷ್‌ಗುಮಾನಿ. ಮೊದಲನೆಯದು ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಸದ್ಗುಣವೆಂದೇ ತಿಳಿದವರು ಬಹಳ.

ಹೈದರ್ ಬಿದನೂರಿಗೆ ತನ್ನ ಹೆಸರನ್ನೇ ಇಟ್ಟ. ಇದನ್ನು ಓದಿ ಒಬ್ಬರು 'ನೋಡಿದಿರಾ' ಎನ್ನುತ್ತಾರೆ. ಆದರೆ ಅವನು ಟಂಕಿಸಿದ ಹೊನ್ನಿನ ವರಹದ ಒಂದು ಮುಖದಲ್ಲಿ ಇಕ್ಕೇರಿ ವರಹದ ಶಿವ ಪಾರ್ವತಿಯರೇ ಉಳಿದುಕೊಂಡರು. ಹಿಂದೆ ತನ್ನ ಹೆಸರಿನ ಮೊದಲಕ್ಷರ 'ಹೇ'. ಈಗ ಇನ್ನೊಬ್ಬರು 'ನೋಡಿದಿರಾ' ಎನ್ನುತ್ತಾರೆ. ಜನ ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ವ್ಯವಹಾರದ ಲೆಕ್ಕವೂ ಅದರಲ್ಲಿ ಇದ್ದಿರಬಹುದು ಎಂದರೆ ಇಬ್ಬರಿಗೂ ಸಮಾಧಾನವಿಲ್ಲ.

ಇಷ್ಟಾಗಿಯೂ ನಮ್ಮನ್ನು ಹೆಚ್ಚು ಕಾಡುವವನು ಹೈದರನಲ್ಲ. ಅವನ ಪರ ವಾದಿಸಲು ಜನರಿದ್ದಾರೆ. ರಾಣಿ ವೀರಮ್ಮಾಜಿಗೆ ಯಾರಿದ್ದಾರೆ? ವಿಧವೆಯಾದ ಆಕೆಗೆ ನಿಂಬಯ್ಯನೆಂಬವನೊಡನೆ ಸಂಬಂಧವಿತ್ತು, ದತ್ತುಮಗ ಚೆನ್ನಬಸವನನ್ನು ಆಕೆಯೇ ಕೊಲ್ಲಿಸಿದಳು ಎಂಬುದು ಆರೋಪ. ಇದನ್ನು ತನ್ನ ಮೈಸೂರು ಇತಿಹಾಸದಲ್ಲಿ ದಾಖಲಿಸಿದ ಕರ್ನಲ್ ವಿಲ್ಕ್ಸ್‌ನ ಮೊದಲ ಸಂಪುಟ ಬಂದದ್ದು 1810ರಲ್ಲಿ, ಅಂದರೆ ಸುಮಾರು ಅರ್ಧ ಶತಮಾನದ ಮೇಲೆ. ಅವನೇ ಹೇಳುವಂತೆ, ಹೈದರ್ ದಂಡೆತ್ತಿ ಬಂದದ್ದು 'ಸಾಯದೆ ಉಳಿದ ಚೆನ್ನಬಸವ ನಾನೇ' ಎಂದ ಒಬ್ಬ ಯುವಕನನ್ನು ಮುಂದಿಟ್ಟುಕೊಂಡು. ರಾಣಿ ಎಷ್ಟು ಕೆಟ್ಟವಳಾದರೆ ಆ ದಂಡಯಾತ್ರೆಗೆ ಅಷ್ಟು ಸಮರ್ಥನೆ. ಸೆರೆಸಿಕ್ಕಿ ಮಧುಗಿರಿಯ ಕೋಟೆ ಸೇರಿದ ಆಕೆಯ ಹೇಳಿಕೆ ಈ ವಿಚಾರಣೆಯಲ್ಲಿ ಇಲ್ಲ.

ಹೈದರನ ಬಗೆಗಿನ ಒಂದೊಂದು ವಾಕ್ಯಕ್ಕೂ ಪುರಾವೆ ಕೇಳುವ ಓದುಗ, ರಾಣಿಯ ವಿಷಯ ಬಂದಾಗ ಹತ್ತು ಪುಟಕ್ಕೇ ತೀರ್ಪು ಬರೆದು ಮುಂದೆ ಹೋಗುತ್ತಾನೆ. ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸುವವನು ನಾಲ್ವರು ಸಾಕ್ಷಿಗಳನ್ನು ತರಬೇಕೆಂಬ ಶರೀಅತ್ತನ್ನು ಬಲ್ಲವನೂ ಇಲ್ಲಿ ಒಬ್ಬ ಸಾಕ್ಷಿಯನ್ನು ಕೇಳುವುದಿಲ್ಲ.

ಕಾದಂಬರಿಕಾರನಿಗೆ ಸ್ವಾತಂತ್ರ್ಯ ಬೇಡವೇ? ಬೇಕು, ನಾವೂ ಕಥೆ ಬರೆಯುವವರೇ. ಹೊರಗಿನ ಶತ್ರುವಿಗಿಂತ ಒಳಗಿನ ಬಿರುಕಿನಿಂದ ರಾಜ್ಯ ಬೀಳುವುದನ್ನು ಮಾಸ್ತಿಯವರು ಬರೆಯಹೊರಟರು. 1956ರ 'ಚಿಕವೀರ ರಾಜೇಂದ್ರ'ದಲ್ಲೂ ಅದೇ ಚಿಂತೆ. ಆ ಬಿರುಕನ್ನು ತೋರಿಸಲು ಅವರಿಗೆ ರಾಣಿ ಬೇಕಾಗಿದ್ದಳು. ಓದುಗನಿಗೆ ಆ ಅಗತ್ಯವಿಲ್ಲ. ಪುಸ್ತಕ ಮುಚ್ಚಿದ ಮೇಲೂ ಅವನು ಆ ಆರೋಪವನ್ನು ಚರಿತ್ರೆಯೆಂದು ಇನ್ನೊಬ್ಬರಿಗೆ ದಾಟಿಸುತ್ತಾನಲ್ಲ, ನಮ್ಮ ತಕರಾರು ಅದಕ್ಕೆ.

ಅದೇ ಮನೆತನದಲ್ಲಿ, 17ನೇ ಶತಮಾನದ ಕೊನೆಯಲ್ಲಿ, ಇನ್ನೊಬ್ಬ ವಿಧವೆ ರಾಜ್ಯವಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಆಕೆ. ಆಕೆಯ ರಾಜ್ಯ ಉಳಿಯಿತು. ವೀರಮ್ಮಾಜಿಯದು ಹೋಯಿತು. ಚೆನ್ನಮ್ಮನ ಬಗ್ಗೆ ಇಂಥದೇ ಮಾತನ್ನು ಯಾರಾದರೂ ಬರೆದಿದ್ದರೆ ಇದೇ ಓದುಗ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಿದ್ದ.