ಆತ್ಮಚಿತ್ರವೂ ಆತ್ಮಪ್ರಶಂಸೆಯೂ

ತನ್ನನ್ನು ತಾನೇ ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮಾನವೆಂದು ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ತಿಳಿಸುವನು. ಹಾಗಾದರೆ ಚಿತ್ರಗಾರನು ತನ್ನ ರೂಪವನ್ನು ತಾನೇ ಬರೆದು ಲೋಕದ ಮುಂದಿಡುವುದು ಈ ದೋಷಕ್ಕೆ ಒಳಗಾಗದೇ?

ಮುಖವನ್ನು ತೋರಿಸದ ಮಾತ್ರದಿಂದಲೇ ಅಹಂಕಾರವು ನೀಗಿತೆಂದು ಹೇಳಲಾಗದು. ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿರುವರು. ಅಂತಹ ಬರಹಗಳಲ್ಲಿ ಹೆಸರಿನೊಡನೆ ಬಿರುದುಗಳೂ ಉಂಟು. ಆದಕಾರಣ ದೋಷವು ರೂಪವನ್ನು ಬರೆಯುವುದರಲ್ಲಿಲ್ಲ, ಬರೆಯುವವನ ಭಾವದಲ್ಲಿರುವುದು.

ಹಾಲೆಂಡಿನ ರೆಂಬ್ರಾಂಟನು (1606–1669) ಯೌವನದಿಂದ ಮರಣದ ವರ್ಷದವರೆಗೆ, ಸುಮಾರು 40 ವರ್ಷಗಳ ಕಾಲ, ತನ್ನ ಮುಖವನ್ನು ಮತ್ತೆ ಮತ್ತೆ ಬರೆದನು. 1640ರ ಚಿತ್ರದಲ್ಲಿ ಅವನು ಹಿಂದಿನ ಶತಮಾನದ ಸಿರಿವಂತರ ಉಡುಪನ್ನು ತೊಟ್ಟು, ಇಟಲಿಯ ರಫೇಲ್ ಮತ್ತು ಟಿಷಿಯನ್ನರ ಚಿತ್ರಗಳ ಭಂಗಿಯನ್ನು ಅನುಸರಿಸಿ, ಕಟಾಂಜನದ ಮೇಲೆ ತೋಳೂರಿ ನಿಂತಿರುವನು. ಅಲ್ಲಿ ಪ್ರಶಂಸೆಯ ಛಾಯೆಯು ಇಲ್ಲದಿಲ್ಲ. 1656ರಲ್ಲಿ ಅವನು ಸಾಲ ತೀರಿಸಲಾರದೆ ದಿವಾಳಿಯಾದನು. ಸಂಗ್ರಹವೂ ವಾಸದ ಮನೆಯೂ ಹರಾಜಾದುವು. ಆದರೂ 1658ರ ಚಿತ್ರದಲ್ಲಿ ಹೊಂಬಣ್ಣದ ಉಡುಪಿನಲ್ಲಿ, ಕೈಯಲ್ಲಿ ಕೋಲು ಹಿಡಿದು, ಅರಸನಂತೆ ಕುಳಿತಿರುವನು. ಇದು ಸುಳ್ಳಲ್ಲವೇ ಎಂದು ಕೇಳುವವರು ಆ ಮುಖವನ್ನು ನೋಡಬೇಕು. ದಪ್ಪ ಮೂಗು, ಜೋತ ಕೆನ್ನೆ, ಹಣೆಯ ಸುಕ್ಕು, ಇವುಗಳಲ್ಲಿ ಒಂದನ್ನೂ ಅವನು ತಿದ್ದಲಿಲ್ಲ. ವೇಷದಲ್ಲಿ ಸ್ವಾತಂತ್ರ್ಯವನ್ನು ವಹಿಸಿದವನು ಮುಖದ ವಿಷಯದಲ್ಲಿ ಅದನ್ನು ವಹಿಸಲಿಲ್ಲ.

ಗುಣವನ್ನು ಹಿಗ್ಗಿಸಿ ದೋಷವನ್ನು ಮುಚ್ಚುವುದು ಹೊಗಳಿಕೆಯ ಲಕ್ಷಣ. ಕಂಡುದನ್ನು ಕಂಡಂತೆ ನುಡಿಯುವುದು ಸಾಕ್ಷಿಯ ಲಕ್ಷಣ. ಕನ್ನಡಿಯ ಮುಂದೆ ಕುಳಿತ ಚಿತ್ರಗಾರನಲ್ಲಿ ದೃಕ್ಕೂ ದೃಶ್ಯವೂ ಒಬ್ಬನೇ. ನೋಡುವವನು ನೋಡಲ್ಪಡುವವನ ಪಕ್ಷವನ್ನು ವಹಿಸಿದೊಡನೆ ಸಾಕ್ಷಿಯು ಕೆಡುವುದು. ವಹಿಸದೆ ಉಳಿಯುವುದೇ ಕಷ್ಟವಾದ ತಪಸ್ಸು.

ಬಾಳಗೆಳತಿ ಹೆಂಡ್ರಿಕ್ಯೆಯು 1663ರಲ್ಲಿಯೂ ಮಗ ಟೈಟಸನು 1668ರಲ್ಲಿಯೂ ತೀರಿಕೊಂಡರು. 1669ರಲ್ಲಿ, 63ನೆಯ ವಯಸ್ಸಿನಲ್ಲಿ, ರೆಂಬ್ರಾಂಟನು ಬರೆದ ಒಂದು ಆತ್ಮಚಿತ್ರವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ಅವನು ಕೈಗಳನ್ನು ಒಂದರೊಡನೊಂದು ಸೇರಿಸಿಕೊಂಡಿರುವನು. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ, ಮೊದಲು ಆ ಕೈಯಲ್ಲಿ ಕುಂಚವನ್ನು ಬರೆದು, ಅನಂತರ ಅದನ್ನು ಅಳಿಸಿದ್ದನೆಂದು ತಿಳಿದುಬಂದಿತು. ಕೀರ್ತಿಯನ್ನು ತಂದ ಕುಂಚವನ್ನೂ ತನ್ನ ಪರವಾದ ಮಾತಾಗಿ ಅವನು ಉಳಿಸಿಕೊಳ್ಳಲಿಲ್ಲ.

ಚಿತ್ರಕ್ಕೆ ಹೇಳಿದ ಈ ನಿಯಮವು ಆತ್ಮಚರಿತ್ರೆಗೂ, ಮಕ್ಕಳ ಮುಂದೆ ಹಿರಿಯರು ಹೇಳುವ ತಮ್ಮ ಕಥೆಗೂ ಸಲ್ಲುವುದು. ತನ್ನ ವಿಷಯವನ್ನು ಹೇಳಬಾರದೆಂಬುದಿಲ್ಲ; ಆದರೆ ಹೇಳುವಾಗ ತನ್ನ ಪಕ್ಷವನ್ನು ತಾನು ವಹಿಸಬಾರದು.