ಅಳಿದವರ ಗುಣದೋಷ ವಿಚಾರ

ಪ್ರತಿಯೊಂದು ಮನೆತನದ ವಂಶಾವಳಿಯಲ್ಲಿಯೂ ಒಂದೆರಡು ಹೆಸರುಗಳು ಮಸುಕಾಗಿರುತ್ತವೆ. ದಾಸೋಹ ನಡೆಸಿದ, ಕೆರೆಕಟ್ಟೆ ಕಟ್ಟಿಸಿದ ಹಿರಿಯರ ಕಥೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ದಾರಿ ತಪ್ಪಿದರೆಂದು ಜನರಾಡಿಕೊಂಡವರ, ಎಳೆವಯಸ್ಸಿನಲ್ಲಿಯೇ ನೊಂದು ಅಳಿದವರ ಹೆಸರನ್ನು ಎತ್ತುವುದಿಲ್ಲ. ಹೀಗೆ ಮರೆಮಾಡುವುದು ಧರ್ಮವೆ? ಅಳಿದವರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರವು ನಮಗೆಷ್ಟುಂಟು? ಈ ಪ್ರಶ್ನೆಯನ್ನು ಕೊಡಗಿನ ರಾಜಕುಮಾರಿ ಗೌರಮ್ಮನ ಚರಿತ್ರೆಯ ಮೂಲಕ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ದೊಡ್ಡವೀರರಾಜೇಂದ್ರನೂ, 1820ರಲ್ಲಿ ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದ ಅವನ ತಮ್ಮ ಲಿಂಗರಾಜೇಂದ್ರನೂ ಆ ಊರಿನ ಗದ್ದಿಗೆಯಲ್ಲಿ ಸಮಾಧಿಸ್ಥರಾಗಿದ್ದಾರೆ. ಲಿಂಗರಾಜನ ಮಗನಾದ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿಯವರು 1834ರಲ್ಲಿ ಪದಚ್ಯುತಗೊಳಿಸಿ, ಮೊದಲು ವೆಲ್ಲೂರಿನಲ್ಲಿಯೂ ಅನಂತರ ಕಾಶಿಯಲ್ಲಿಯೂ ಇರಿಸಿದರು. ಗೌರಮ್ಮ 1841ರಲ್ಲಿ ಹುಟ್ಟಿದಳು. ಕಂಪನಿಯಲ್ಲಿ ಸಿಕ್ಕಿಕೊಂಡ ತನ್ನ ಹಣವನ್ನು ಮರಳಿ ಪಡೆಯಬೇಕೆಂದು ತಂದೆಯು 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಈ ಬಾಲೆಯನ್ನೂ ಕರೆದೊಯ್ದನು. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಆಕೆಗಿತ್ತಳು. ಮಗಳು ಆ ಮತದಲ್ಲಿ ಬೆಳೆಯಲೆಂದು ತಂದೆಯೇ ಬಯಸಿದ್ದನು. ರಾಣಿಯ ಕೃಪೆಯಿಂದ ತನ್ನ ವ್ಯಾಜ್ಯಕ್ಕೆ ಬಲ ಬಂದೀತೆಂಬ ಆಶೆಯೂ ಅದರಲ್ಲಿತ್ತೆಂದು ಚರಿತ್ರಕಾರರು ಊಹಿಸುತ್ತಾರೆ.

ಅಲ್ಲಿಂದ ಮುಂದೆ ಆಕೆಯ ಬಾಳು ಪರರ ಕೈಯಿಂದ ಪರರ ಕೈಗೆ ಸಾಗಿತು. ಪೋಷಕರು ಬದಲಾದರು; ತಂದೆಯ ಒಡನಾಟವು ವಿರಳವಾಯಿತು. ಪಂಜಾಬಿನ ದುಲೀಪಸಿಂಹನಿಗೆ ಆಕೆಯನ್ನು ಕೊಡಬೇಕೆಂದು ರಾಣಿ ಬಯಸಿದಳು; ಅವನೊಪ್ಪಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡನು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಗೌರಮ್ಮ ವಿವಾಹವಾದಳು. 1861ರಲ್ಲಿ ಹೆಣ್ಣುಮಗುವಾಯಿತು. 1864ರಲ್ಲಿ, 23 ವರ್ಷ ತುಂಬುವ ಮೊದಲೇ, ಆಕೆಯ ಆಯುಷ್ಯ ತೀರಿತು. ಅಜ್ಜನ ಗದ್ದಿಗೆ ಮಡಿಕೇರಿಯಲ್ಲಿದ್ದರೆ, ಮೊಮ್ಮಗಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಈ ಸಂಗತಿಗಳೆಲ್ಲ ನಮಗೆ ಗೊತ್ತಾಗುವುದು ರಾಣಿಯ ದಿನಚರಿ, ಆಸ್ಥಾನದವರ ಪತ್ರಗಳು, ಪೋಷಕರ ನೆನಪುಗಳು ಇವುಗಳಿಂದ. ಹುಡುಗಿಯ ಚಾಂಚಲ್ಯದ ಬಗೆಗೆ ದೂರುಗಳೂ ಅವುಗಳಲ್ಲಿವೆ. ಆದರೆ ಬರೆದವರು ಆಕೆಯನ್ನು ಆಳುತ್ತಿದ್ದವರೆಂಬುದನ್ನು ನಾವು ಮರೆಯಲಾಗದು. ದಾಖಲೆಯು ನಡೆಗೆ ಸಾಕ್ಷಿಯಾಗಬಹುದು, ಅಂತರಂಗಕ್ಕೆ ಸಾಕ್ಷಿಯಾಗಲಾರದು. ನಡೆಯನ್ನು ಕಂಡವರು ಬರೆದರು. ಆ ನಡೆಯ ಹಿಂದಿದ್ದ ನೋವನ್ನು ಬರೆದಿಡುವ ಹೊಣೆ ಯಾರಿಗಿತ್ತು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಲಿಂಗವನ್ನು ಬಿಟ್ಟು ಪರಮತಕ್ಕೆ ಹೋದವಳನ್ನು ನಮ್ಮವಳೆಂದು ನೆನೆಯುವುದೇಕೆ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ನಿಷ್ಠೆಯಿಲ್ಲದ ಭಕ್ತಿ ಭಕ್ತಿಯಲ್ಲ. ಆದರೆ ನಿಷ್ಠೆಗೆ ಅರಿವು ಮೂಲವೆಂಬುದು ಶರಣರ ಮತ. ಅರಿತು ಹಿಡಿದವನು ಅರಿತು ಬಿಟ್ಟರೆ ಅದು ತ್ಯಾಗವೋ ದ್ರೋಹವೋ ಎಂದು ವಿಚಾರಿಸಬಹುದು. ಅರಿಯುವ ಮೊದಲೇ ಕೊಂಡೊಯ್ಯಲ್ಪಟ್ಟ ಹನ್ನೊಂದರ ಬಾಲೆಯು ಏನನ್ನು ಬಿಟ್ಟಳು? ಬಿಟ್ಟವರು ಹಿರಿಯರು, ಹೊತ್ತವಳು ಆಕೆ.

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದುತ್ತೇವೆ. ಮನೆ ತೊರೆದು ಬಂದ ಎಳೆಯ ಹೆಂಗಸನ್ನು ಅಲ್ಲಮಪ್ರಭುಗಳು ಕಠೋರವಾಗಿಯೇ ಪ್ರಶ್ನಿಸಿದರು. ಆದರೆ ಪ್ರಶ್ನಿಸಿದ ಬಳಿಕ ಆಕೆಯ ಉತ್ತರವನ್ನು ಕೇಳಿದರು, ಕೇಳಿ ಮನ್ನಿಸಿದರು. ತೀರ್ಪಿಗೆ ಮುನ್ನ ಮಾತಾಡಲು ಎಡೆಗೊಡುವುದು ಅನುಭವ ಮಂಟಪದ ರೀತಿ. ಗೌರಮ್ಮನನ್ನು ಹಾಗೆ ಕೇಳಿದವರಾರು? ಉತ್ತರ ಕೇಳಲಾಗದ ವ್ಯಕ್ತಿಯ ಮೇಲೆ ತೀರ್ಪು ಕೊಡುವುದು ಶರಣಮಾರ್ಗವಲ್ಲ.

ಹಾಗೆಂದು ತಪ್ಪನ್ನು ಒಪ್ಪೆನ್ನಬೇಕೆಂದಲ್ಲ. ಚಿಕ್ಕವೀರರಾಜನ ಕ್ರೌರ್ಯದ ಕಥೆಗಳಲ್ಲಿ ಅವನ ರಾಜ್ಯವನ್ನು ಕಸಿದುಕೊಂಡವರ ಅತ್ಯುಕ್ತಿ ಎಷ್ಟೇ ಇರಲಿ, ಪ್ರಜೆಗಳು ಪಟ್ಟ ಪಾಡು ಸುಳ್ಳಾಗುವುದಿಲ್ಲ. ಕೃತ್ಯವನ್ನು ಕೃತ್ಯವೆಂದೇ ಹೇಳಬೇಕು. ಆದರೆ ಆಯ್ಕೆ ಮಾಡಬಲ್ಲವನ ಹೊಣೆ ಬೇರೆ, ಆಯ್ಕೆಯೇ ಇಲ್ಲದವರ ಪಾಡು ಬೇರೆ. ಈ ವಿವೇಕ ಸದ್ಭಕ್ತನಲ್ಲಿರಬೇಕು. ಎದುರಿಗೆ ಬಂದವರನ್ನು ಹೊರಗಿನವರೆನ್ನದೆ ಮನೆಯ ಮಕ್ಕಳೆಂದು ಕಾಣಬೇಕೆಂಬ ಬಸವಣ್ಣನವರ ಬೋಧೆ ಬದುಕಿರುವವರಿಗೆ ಮಾತ್ರ ಸಲ್ಲತಕ್ಕದ್ದಲ್ಲ.

ಗೃಹಸ್ಥರಾದ ನಮಗೆ ಇದರಲ್ಲಿ ಇನ್ನೂ ಹತ್ತಿರದ ಪಾಠವೊಂದಿದೆ. ಆಸ್ತಿಯ ವ್ಯಾಜ್ಯಕ್ಕಾಗಿ, ಪ್ರತಿಷ್ಠೆಗಾಗಿ, ಸಂಬಂಧ ಬೆಳೆಸುವುದಕ್ಕಾಗಿ ಮಕ್ಕಳ ಬಾಳನ್ನು ಪಣವಾಗಿ ಒಡ್ಡುವುದು ಅರಮನೆಯಲ್ಲಿ ಮಾತ್ರ ನಡೆಯುವ ಸಂಗತಿಯೆ? ಒಪ್ಪಿಗೆ ಕೇಳದೆ ಕೊಟ್ಟ ಹೆಣ್ಣು ನೊಂದು ಮನೆಬಿಟ್ಟರೆ, ಆಕೆಯ ಹೆಸರನ್ನು ಅಳಿಸಿ ನಾವು ಶುದ್ಧರಾದೆವೆಂದುಕೊಳ್ಳುತ್ತೇವೆ. ಅಳಿಸಬೇಕಾದುದು ಆಕೆಯ ಹೆಸರೋ, ನಮ್ಮ ಲೋಭವೋ? ಸದಾಚಾರದ ಪರೀಕ್ಷೆ ಇಲ್ಲಿಯೇ ಆಗುವುದು.

ಗೌರಮ್ಮನ ಮಗಳಿಗಿಟ್ಟ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ. ದೇಶ ಹೋಯಿತು, ಮತ ಹೋಯಿತು, ನುಡಿ ಹೋಯಿತು. ಕೊಡಗಿನ ಒಂದು ಹೆಸರು ಮಾತ್ರ ದೂರದೇಶದ ಕೂಸಿಗೆ ಉಳಿಯಿತು. ಇದರ ಅರ್ಥವೇನೆಂದು ನಿರ್ಣಯಿಸುವುದು ಬೇಡ. ನಮ್ಮ ನಮ್ಮ ವಂಶಾವಳಿಗಳಲ್ಲಿ ಮಸುಕಾದ ಹೆಸರುಗಳನ್ನು ಒಮ್ಮೆ ತೆಗೆದು ಓದೋಣ. ಮಕ್ಕಳಿಗೆ ಅವನ್ನೂ ಹೇಳೋಣ. ಇಷ್ಟಲಿಂಗ ಪೂಜೆಯ ಸಮಯದಲ್ಲಿ ಆ ಜೀವಗಳಿಗೂ ಒಂದು ಪತ್ರೆಯನ್ನೇರಿಸೋಣ. ನ್ಯಾಯವನ್ನು ಶಿವನು ನೋಡಿಕೊಳ್ಳುವನು. ಕರುಣೆಯ ಕೆಲಸವನ್ನು ನಮಗೆ ಬಿಟ್ಟಿದ್ದಾನೆ.